ಕಾಂಬಳೆ ಟೀಚರ್ ಮೇಲೆ ನಾನು ಹೊರಿಸಿದ ಮಾತು

ಯಾಸ್ಮಿನ್ ನಂಬಿ ಹೇಳಿದ ಮಾತನ್ನು ಪತ್ರಿಕೆಗೆ ಕೊಟ್ಟವನು ನಾನು. ಕಾಂಬಳೆ ಟೀಚರ್ ಅಲ್ಲ. ಕೊಟ್ಟದ್ದಷ್ಟೇ ಅಲ್ಲ — ಟೀಚರೇ ಕೊಟ್ಟಿರಬೇಕು ಎಂದು ಆ ಹುಡುಗಿ ತಿಳಿಯುವ ಹಾಗೆ ಮಾಡಿದವನೂ ನಾನೇ. ಹದಿನಾಲ್ಕು ವರ್ಷ ಇದನ್ನು ಯಾರ ಮುಂದೆಯೂ ಹೇಳಲಿಲ್ಲ. ಊರಿನವರ ತಪ್ಪುಗಳನ್ನು ದಿನಾ ಬರೆಯುತ್ತಿದ್ದವನಿಗೆ ತನ್ನದೊಂದನ್ನು ಬರೆಯಲು ಇಷ್ಟು ಕಾಲ ಹಿಡಿಯಿತು.

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ಆಗ ನಾನು ನಿಪ್ಪಾಣಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಸುನಂದಾ ಕಾಂಬಳೆ ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ರಾಯಬಾಗ ತಾಲೂಕಿನ ದಿಗ್ಗೇವಾಡಿಯವರು. ಒಂಬತ್ತನೆಯ ತರಗತಿಗೆ ಬಂದ ಪ್ರತಿ ಮಗುವಿಗೂ ಊರಿನ ಒಬ್ಬ ದೊಡ್ಡವರನ್ನು ಜೊತೆ ಮಾಡುವ ಏರ್ಪಾಟನ್ನು ಅವರು ತಾವೇ ಓಡಾಡಿ ಕಟ್ಟಿದ್ದರು. ನರ್ಸು, ದರ್ಜಿ, ಬ್ಯಾಂಕಿನ ಗುಮಾಸ್ತ, ಗ್ಯಾರೇಜಿನ ಮಿಸ್ತ್ರಿ — ಯಾರ ಮನೆ ಬಾಗಿಲನ್ನೂ ಬಿಟ್ಟಿರಲಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ಆ ಮಗುವಿನ ಜೊತೆ ಕೂರಬೇಕು. ಪಾಠ ಹೇಳಬಾರದು, ಉಡುಗೊರೆ ತರಬಾರದು, ಉಪದೇಶವಂತೂ ಕೂಡದು. ಹತ್ತನೆಯ ಪರೀಕ್ಷೆ ಮುಗಿಯುವವರೆಗೆ ಅದೇ ಮಗು, ಅದೇ ದೊಡ್ಡವರು. ಮಕ್ಕಳು ನಮ್ಮನ್ನು ‘ಶನಿವಾರದ ಸರ್’ ಎನ್ನುತ್ತಿದ್ದರು.

ಮೊದಲ ದಿನ ಟೀಚರ್ ನಮ್ಮನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ ಹೇಳಿದ್ದರು.

“ಇಲ್ಲಿ ಕೇಳಿದ್ದು ಈ ಗ್ವಾಡಿ ದಾಟಬಾರದ್ರಿ. ಹುಡುಗ್ರು ನಮ್ಮ ಮುಂದ ಬಾಯಿ ಬಿಡಾಕ ವರ್ಷ ತಗೋತಾವ. ಮುಚ್ಚಾಕ ಒಂದು ದಿನಾ ಸಾಕು.” ಆಮೇಲೆ ನನ್ನ ಕಡೆ ತಿರುಗಿ, “ನಿಮಗ ಹೇಳಾಕತ್ತೀನ್ರಿ, ಪೇಪರ್‌ನವರ!” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಕ್ಕಳು ತಮಗೆ ಬೇಕಾದವರನ್ನು ಆರಿಸಿಕೊಂಡ ದಿನ ಯಾಸ್ಮಿನ್ ಶಾಲೆಗೆ ಬಂದಿರಲಿಲ್ಲ. ಮುಂದಿನ ವಾರ ಬಂದು ನನ್ನೆದುರಿನ ಬೆಂಚಿನ ತುದಿಯಲ್ಲಿ ಕೂತಳು. ತಂದೆ ಹೆದ್ದಾರಿಯ ಲಾರಿ ಡ್ರೈವರ್, ಮನೆಯಲ್ಲಿದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ತಾಯಿ ಶಕೀಲಾ ಬೀಡಿ ಕಟ್ಟುತ್ತಿದ್ದರು.

“ಎಲ್ಲಾರೂ ಚಲೋ ಚಲೋದವ್ರನ್ನ ಆರಿಸ್ಕೊಂಡಾರ್ರಿ ಸರ್. ಉಳದವ್ರು ನೀವು, ಉಳದಾಕಿ ನಾನು.”

“ಯಾರು ಸಿಗಬೇಕಿತ್ತು ನಿನಗ?”

“ಗ್ಯಾರೇಜಿನವ್ರು. ಗಾಡಿ ಹೊಡಿಯೂದರ ಕಲೀತಿದ್ನಿ. ನಿಮ್ಮ ಕಡೆ ಏನೈತ್ರಿ, ರದ್ದಿ?”

ಮೊದಲ ಕೆಲವು ತಿಂಗಳು ಹೀಗೆಯೇ — ಅವಳು ನನ್ನನ್ನು ಕೆಣಕುವುದು, ನಾನು ನಗುವುದು. ಟೀಚರ್ ಹೇಳಿದ್ದು ನಿಜ. ಬಾಯಿ ಬಿಡಲು ಕಾಲ ಬೇಕು. ಒಂದು ಶನಿವಾರ ಮಾತಿನ ನಡುವೆಯೇ ಅವಳಿಗೆ ಜೋಂಪು ಹತ್ತಿತು. ಯಾಕೆ ಎಂದು ಕೇಳಿದೆ. ಹೇಳಿದಳು.

ಶಾಲೆ ಬಿಟ್ಟ ಮೇಲೆ ಅವಳೂ ತಾಯಿಯ ಜೊತೆ ಕೂತು ಬೀಡಿ ಕಟ್ಟುತ್ತಿದ್ದಳು. ಕಾರ್ಖಾನೆಯ ಲೆಕ್ಕದಲ್ಲಿ ಇದ್ದದ್ದು ತಾಯಿಯೊಬ್ಬರೇ. ಮಸಾಲೆ ಕುಟ್ಟುವ ಕಲಬತ್ತಿಗೆ ಪುಸ್ತಕ ಆನಿಸಿ ಓದುತ್ತಿದ್ದಳು. ಕೈತುಂಬ ತಂಬಾಕಿನ ಪುಡಿ ಇರುವುದರಿಂದ ಪುಟವನ್ನು ಗದ್ದದಿಂದ ತಿರುವುತ್ತಿದ್ದಳು. ಹೇಗೆ ಎಂದು ನನ್ನ ಎದುರಿಗಿದ್ದ ಪತ್ರಿಕೆಯ ಮೇಲೆ ಮಾಡಿ ತೋರಿಸಿ ತಾನೇ ನಕ್ಕಳು. ತಪಾಸಣೆಯವರು ಬರುತ್ತಾರೆಂದರೆ ಎಲೆ–ತಂಬಾಕು ಹಂಚುವ ಮುಕಾದಮ ಮೊದಲೇ ಓಣಿಗೆ ಹೇಳಿ ಕಳಿಸುತ್ತಿದ್ದ. ಆಗ ತಾಯಿ ಅವಳ ಬೆನ್ನಿಗೆ ದಫ್ತರ, ಅಂದರೆ ಶಾಲೆಯ ಚೀಲ, ಏರಿಸಿ ಹಿತ್ತಲ ಬಾಗಿಲಿನಿಂದ ಹೊರಗೆ ಕಳಿಸುವುದು. ಅವಳು ಸುತ್ತು ಹಾಕಿ, ಆಗಷ್ಟೇ ಶಾಲೆಯಿಂದ ಬಂದವಳ ಹಾಗೆ ಮುಂದಿನ ಬಾಗಿಲಿನಿಂದ ಒಳಗೆ ಬರುವುದು.

“ಖಾಲಿ ದಫ್ತರ ಇರ್ತೈತ್ರಿ ಸರ್. ಪುಸ್ತಕಾ ಒಳಗ, ನಾ ಹೊರಗ,” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ಟೀಚರ್‌ಗ ಹೇಳೇನ್ರಿ, ಈಗ ನಿಮಗ. ಮತ್ಯಾರಿಗೂ ಗೊತ್ತಿಲ್ಲ.”

ಆ ವಾರವೇ ಬರೆದೆ. ಡೆಸ್ಕಿನವರು ಕೇಳಿರಲಿಲ್ಲ, ಸಂಪಾದಕರು ಒತ್ತಾಯಿಸಿರಲಿಲ್ಲ. ಕೈಗೆ ಒಳ್ಳೆಯ ಸುದ್ದಿ ಬಂದಿತ್ತು, ಬರೆದೆ — ಅಷ್ಟೇ. ವೃತ್ತಿಯ ನಿಯಮಗಳನ್ನೆಲ್ಲ ಪಾಲಿಸಿದೆ. ಹುಡುಗಿಯ ಹೆಸರಿಲ್ಲ, ಓಣಿಯ ಹೆಸರಿಲ್ಲ, ಶಾಲೆಯ ಹೆಸರಿಲ್ಲ. ನನ್ನ ಹೆಸರೂ ಇಲ್ಲ, ‘ನಮ್ಮ ವರದಿಗಾರರಿಂದ’. ಆದರೆ ಮುಕಾದಮನ ಮುನ್ಸೂಚನೆ ಇತ್ತು, ಖಾಲಿ ದಫ್ತರ ಇತ್ತು, ಗದ್ದದಿಂದ ಪುಟ ತಿರುವುವುದು ಇತ್ತು. ಅದನ್ನು ಬಿಟ್ಟುಬಿಡಬಹುದಿತ್ತು. ಬಿಡಲಾಗಲಿಲ್ಲ — ಅಂಥದ್ದೊಂದು ವಿವರ ಸಿಕ್ಕರೆ ಯಾವ ವರದಿಗಾರನೂ ಬಿಡುವುದಿಲ್ಲ. ಡೆಸ್ಕಿನವರು ಅದನ್ನೇ ತಲೆಬರಹ ಮಾಡಿದರು.

ಬೀಡಿ ಕಟ್ಟುವ ಓಣಿಯಲ್ಲಿ ಹಗಲೆಲ್ಲ ಬಾಗಿಲುಗಳು ತೆರೆದೇ ಇರುತ್ತವೆ. ಬೆಳಕು ಬೇಕು, ಗಾಳಿ ಬೇಕು, ಮಾತು ಬೇಕು. ಯಾರ ಕೈ ಎಷ್ಟು ಚುರುಕು, ಯಾರು ಹೇಗೆ ಕೂರುತ್ತಾರೆ — ಎಲ್ಲರಿಗೂ ಗೊತ್ತು. ಅಲ್ಲಿ ಹೆಸರು ಬರೆಯುವ ಅಗತ್ಯವೇ ಇಲ್ಲ. ಇದು ನನಗೆ ಹೊಳೆದಿರಲಿಲ್ಲ ಎಂದು ಬರೆಯಲು ಹೋಗಿ ಈಗಷ್ಟೇ ಅಳಿಸಿದೆ. ಹೊಳೆದಿತ್ತು.

ಪತ್ರಿಕೆ ಬಂದ ಮರುದಿನದಿಂದ ಮುಕಾದಮ ಶಕೀಲಾ ಅವರಿಗೆ ಎಲೆ ಕೊಡುವುದನ್ನು ನಿಲ್ಲಿಸಿದ. ಅಧಿಕಾರಿಗಳು ಒಂದೆರಡು ಓಣಿ ಸುತ್ತಿದರು, ಫೋಟೊ ತೆಗೆಸಿಕೊಂಡರು, ಹೋದರು. ಆಮೇಲೆ ಎಲ್ಲ ಮೊದಲಿನಂತೆಯೇ. ಶಕೀಲಾ ಅವರ ಮನೆಯೊಂದನ್ನು ಬಿಟ್ಟು.

ಆ ಶನಿವಾರ ಯಾಸ್ಮಿನ್ ಬಂದಳು. ಕೂರಲಿಲ್ಲ.

“ಪೇಪರ್‌ದಾಗ ಬಂದದ್ದು ಯಾರು ಬರದಾರ್ರಿ ಸರ್?”

“ನಮ್ಮ ಆಫೀಸಿಗೆ ಭಾಳ ಮಂದಿ ಸುದ್ದಿ ಕೊಡ್ತಾರ,” ಎಂದೆ. ಇದು ಸುಳ್ಳಲ್ಲ.

“ನಾ ಯಾರಿಗೂ ಹೇಳಿಲ್ರಿ. ನಿಮ್ಮನ್ನ ಬಿಟ್ರ...”

ಅವಳ ಮಾತು ಅಲ್ಲಿಗೆ ನಿಂತಿತು. ಆಗ ನಾನು ಕೇಳಿದೆ — “ಟೀಚರ್‌ಗೂ ಗೊತ್ತಿತ್ತಲ್ಲ?”

ಇಷ್ಟೇ. ಟೀಚರ್ ಬರೆದರು ಎಂದು ನಾನು ಹೇಳಲಿಲ್ಲ. ಸುಳ್ಳು ಹೇಳಲಿಲ್ಲ. ಪ್ರಶ್ನೆ ಕೇಳಿದೆ. ಎದುರಿನವರ ಬಾಯಿಂದಲೇ ಬೇಕಾದ ಮಾತು ಹೊರಡಿಸುವುದು ನನ್ನ ಕಸುಬು. ಅದನ್ನು ಹದಿನಾಲ್ಕರ ಹುಡುಗಿಯ ಮೇಲೆ ಪ್ರಯೋಗಿಸಿದೆ.

“ಅವ್ರು ಹಂಗ ಮಾಡಂಗಿಲ್ರಿ,” ಎಂದಳು. ದಫ್ತರವನ್ನು ಇನ್ನೊಂದು ಹೆಗಲಿಗೆ ಬದಲಿಸಿ — “ಮಾಡ್ತಾರೇನ್ರಿ?”

ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಎದುರಿನವರು ತಾವಾಗಿಯೇ ಖಾಲಿ ಜಾಗ ತುಂಬಿಕೊಳ್ಳುತ್ತಾರೆ — ಇದೂ ಕಸುಬಿನಿಂದಲೇ ಕಲಿತದ್ದು. ಅವಳು ತುಂಬಿಕೊಂಡಳು. ನನಗೆ ನಮಸ್ಕಾರ ಮಾಡಿ ಹೋದಳು. ನನಗೆ!

ಸೋಮವಾರದಿಂದ ಅವಳು ಶಾಲೆಗೆ ಬರಲಿಲ್ಲ. ಬಿಡಿಸಿ ಮನೆಯಲ್ಲಿಟ್ಟುಕೊಂಡರು. ಕಾಂಬಳೆ ಟೀಚರ್ ಸುಮ್ಮನೆ ಕೂರಲಿಲ್ಲ; ಚಿಕ್ಕೋಡಿಯ ಒಂದು ಹಾಸ್ಟೆಲಿನಲ್ಲಿ ಜಾಗ ಕೇಳಿ ಗಟ್ಟಿ ಮಾಡಿಕೊಂಡು ಬಂದರು. ಹತ್ತನೆಯದನ್ನು ಅಲ್ಲಿದ್ದು ಮುಗಿಸಬಹುದಿತ್ತು. ತಾಯಿ ಒಪ್ಪಬೇಕು, ಅಷ್ಟೇ ಬಾಕಿ. ಆದರೆ ಶಕೀಲಾ ಹೊಸ್ತಿಲಲ್ಲೇ ತಡೆದರು. “ನಿಮ್ಮ ನಾಲಿಗಿಗಿ ಕೀಲಿ ಇಲ್ರಿ ಟೀಚರ್, ನನ್ನ ಬಾಗಲಕ್ಕ ಐತಿ,” ಎಂದರಂತೆ. ಒಳಗಿದ್ದ ಹುಡುಗಿ ಹೊರಗೆ ಬರಲಿಲ್ಲ. ಇದನ್ನು ನನಗೆ ಹೇಳಿದವರು ಟೀಚರೇ. ಮರುದಿನ ನೇರ ನನ್ನ ಆಫೀಸಿಗೆ ಬಂದಿದ್ದರು. ಹುಡುಗಿ ಆ ಮಾತನ್ನು ನನಗೂ ಹೇಳಿದ್ದಳೆಂಬುದು ಅವರಿಗೆ ಗೊತ್ತಿರಲಿಲ್ಲ.

“ನೀವರ ಬರ್ರಿ ನನ್ನ ಜೋಡಿ. ನಿಮ್ಮ ಮ್ಯಾಲ ಯಾಸ್ಮಿನ್‌ಗ ಇನ್ನೂ ನಂಬಿಗಿ ಐತಿ. ನೀವು ಹೇಳಿದ್ರ ಕೇಳ್ತಾಳ. ಆ ಸೀಟ ಹೋದ್ರ ಮತ್ತ ಸಿಗಂಗಿಲ್ರಿ.”

ಕಾಗವಾಡಕ್ಕೆ ಹೋಗಬೇಕಾಗಿದೆ ಎಂದೆ. ಹೋದೆ ಕೂಡ. ಅಲ್ಲಿ ಒಂದು ರಸ್ತೆ ಕಾಮಗಾರಿಯ ಉದ್ಘಾಟನೆ ಇತ್ತು. ಮೂರು ಸಾಲಿನ ಸುದ್ದಿ. ನಾನು ಅವತ್ತು ಆ ಓಣಿಗೆ ಹೋಗಿ, ಬರೆದವನು ನಾನು, ನಿಮ್ಮ ಸಿಟ್ಟು ನನ್ನ ಮೇಲಿರಲಿ, ಹುಡುಗಿಯನ್ನು ಟೀಚರ್ ಜೊತೆ ಕಳಿಸಿ ಎಂದಿದ್ದರೆ — ಆಗಲೂ ಶಕೀಲಾ ಕಳಿಸುತ್ತಿದ್ದರೋ ಇಲ್ಲವೋ. ಗೊತ್ತಿಲ್ಲ. ಗೊತ್ತಾಗುವ ಅವಕಾಶವನ್ನು ನಾನು ಉಳಿಸಲಿಲ್ಲ.

ಹಾಸ್ಟೆಲಿನ ಜಾಗ ಬೇರೆಯವರಿಗೆ ಹೋಯಿತು.

ಆ ಬೇಸಿಗೆಯಲ್ಲಿ ಟೀಚರ್ ಶನಿವಾರದ ಏರ್ಪಾಟನ್ನೇ ನಿಲ್ಲಿಸಿದರು. ಕಾರಣ ಹೇಳಲು ಮತ್ತೆ ನನ್ನ ಆಫೀಸಿಗೆ ಬಂದರು. ಕುರ್ಚಿಯಲ್ಲಿ ಕೂತು ಅತ್ತರು. “ನನ್ನ ಬಾಯಿಂದನ ಎಲ್ಲೋ ಜಾರಿರಬೇಕ್ರಿ. ಸ್ಟಾಫ್ ರೂಮಿನ್ಯಾಗ ಅಂದಿದ್ನೋ ಏನೋ. ನೆನಪಾಗವಲ್ದು. ನಾನ ಹಿಂಗಾದ್ರ ಮಂದಿಗಿ ಯಾವ ಬಾಯಿಲೆ ಹೇಳ್ಲಿ?”

ಚಹಾ ತರಿಸಿದೆ. “ಇರ್ಲಿ ಬಿಡ್ರಿ ಟೀಚರ್, ಯಾರಿಗರ ಆಗ್ತೈತಿ,” ಎಂದೆ. ನಾನು ಆಡಿದ ಎಲ್ಲ ಮಾತುಗಳಲ್ಲಿ ಅತ್ಯಂತ ಹೇಸಿಗೆಯದು ಇದು. ಮಾಡದ ತಪ್ಪಿಗೆ ಅವರು ಅಳುತ್ತಿದ್ದರು, ಮಾಡಿದವನು ಕ್ಷಮಿಸುತ್ತಿದ್ದ.

ಕಳೆದ ತಿಂಗಳು ದಿಗ್ಗೇವಾಡಿಗೆ ಹೋದೆ. ಟೀಚರ್ ಈಗ ನಿವೃತ್ತರು. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ. ಅವರು ಕೂರಿ ಎನ್ನಲಿಲ್ಲ. ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು.

“ನಾ ಅಳುಮುಂದ ನೀವು ಚಹಾ ತರಿಸಿದ್ರಿ. ಆವಾಗೂ ನಿಮಗ ಗೊತ್ತಿತ್ತು?”

“ಹೌದ್ರಿ.”

“ಆಮ್ಯಾಲ ನಾ ಇಷ್ಟು ವರ್ಷ ಕಲಿಸೇನಿ. ಒಂದು ಹುಡುಗೀನೂ ಬಾಜೂಕ ಕರದು, ಏನಾಗೇತೆವ್ವಾ ಅಂತ ಕೇಳ್ಲಿಲ್ಲ. ಅಂಜಿಕಿ — ನನ್ನ ಮ್ಯಾಲ ನನಗ. ಕಣ್ಣೀರು ಹಾಕ್ಕೊಂತ ಎದುರು ನಿಂತಾವ್ರಿ ಕೆಲವು. ವಿಜ್ಞಾನ ಹೇಳಿ ಕಳಿಸೇನಿ.” ದನಿ ಏರಲಿಲ್ಲ. “ಆ ಹುಡುಗ್ಯಾರಿಗೆಲ್ಲಾ ಏನ್ ಹೇಳ್ತೀರಿ ನೀವು?”

ಉತ್ತರಕ್ಕೆ ಅವರು ಕಾಯಲಿಲ್ಲ.

“ಯಾಸ್ಮಿನ್ ಅಥಣ್ಯಾಗ ಅದಾಳಂತ. ಮೊದಲ ಆಕಿಗೆ ಹೋಗಿ ಹೇಳ್ರಿ. ಬರಿಯೂದಿದ್ರ ನಿಮ್ಮ ಹೆಸರ ಹಾಕಿ ಬರೀರಿ.”

ಅದಕ್ಕೇ ಇದನ್ನು ನನ್ನ ಹೆಸರಿನಲ್ಲಿ ಕೊಡುತ್ತಿದ್ದೇನೆ. ಬದಲಿಸಿರುವುದು ಅವರ ಹೆಸರುಗಳನ್ನು, ಮತ್ತೆ ಬೇರೆ ಕೆಲವು ವಿವರಗಳನ್ನು. ಈ ಬಾರಿ ಅಚ್ಚಿಗೆ ಕೊಡುವ ಮೊದಲು ಇಬ್ಬರಿಗೂ ಓದಿ ತೋರಿಸಿದ್ದೇನೆ.

ಅಥಣಿಯಲ್ಲಿ ಯಾಸ್ಮಿನ್ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಗುರುತು ಹಿಡಿದಳು, “ಶನಿವಾರದ ಸರ್!” ಎಂದು ನಕ್ಕು ಕುರ್ಚಿ ಹಾಕಿದಳು. ಆ ನಗುವಿನ ಎದುರು ಕೂತು ಹೇಳಬೇಕಾಯಿತು. ಹೇಳುತ್ತ ಹೋದಂತೆ ಹೊಲಿಗೆ ಯಂತ್ರ ನಿಂತಿತು.

“ಟೀಚರ್ ಅಲ್ಲಾ?”

“ಅಲ್ಲ.”

“ಟೀಚರ್ ಅಲ್ಲಾ...” ಎಂದು ತನಗೇ ಇನ್ನೊಮ್ಮೆ ಹೇಳಿಕೊಂಡಳು. “ನನ್ನ ಮದವಿಗಿ ಬಂದಿದ್ರಿ ಅವ್ರು. ಕರೀದ ಬಂದಿದ್ರು. ನಾ ಮಾರಿ ತಿರುವಿದ್ನಿ. ಮಂದ್ಯಾಗ.” ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು. “ನಿಮಗ ಆವತ್ತ ನಮಸ್ಕಾರಾ ಮಾಡಿ ಹೋದೆನಲ್ರೀ, ಸರ್.”

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಆಸೆಯಿಂದಲೇ ಹೋಗಿದ್ದೆನೋ ಏನೋ. ಅವಳು ಬೈಯಲಿಲ್ಲ. ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು, ಮೂರನೇ ಇಯತ್ತೆ. ಅವಳ ಜಡೆ ಬಿಚ್ಚುತ್ತ ಯಾಸ್ಮಿನ್ ನನ್ನ ಕಡೆ ನೋಡದೆ ಹೇಳಿದಳು.

“ಇಕಿ ಸಾಲ್ಯಾಗೂ ಈಗ ಹೊಸಾದು ಸುರು ಮಾಡ್ಯಾರ್ರಿ. ಐದಾರ ಹುಡುಗ್ರಿಗೆ ಒಬ್ಬ ಟೀಚರ್. ಮನಸಿನ್ಯಾಗ ಇದ್ದದ್ದು ಹೇಳ್ರಿ ಅಂತಾರಂತ. ನಾ ಇಕಿಗೆ ಕಲಿಸಿಟ್ಟೀನಿ — ಯಾರ ಎಷ್ಟ ಪ್ರೀತಿಲೆ ಕೇಳಿದ್ರೂ, ಎಲ್ಲಾ ಚಲೋ ಐತ್ರಿ ಅನ್ನು. ಮುಂದ ಬಾಯಿ ಬಿಡಬ್ಯಾಡ.”

ಆ ಮಗು ನನ್ನನ್ನೇ ನೋಡುತ್ತಿತ್ತು. ಏನೋ ಮಾತಾಡಬೇಕಲ್ಲ ಎಂದು ಕೇಳಿದೆ, “ಸಾಲಿ ಹೆಂಗೈತವ್ವಾ?”

“ಎಲ್ಲಾ ಚಲೋ ಐತ್ರಿ,” ಎಂದಿತು, ತಾಯಿಯ ಮುಖ ನೋಡಿ.

ನಾನು ಎರಡನೆಯ ಪ್ರಶ್ನೆ ಕೇಳಲಿಲ್ಲ.