ಬಾಯಮ್ಮನ ಮೆಣಸಿನ ಬಳ್ಳಿ

ಆ ಬಳ್ಳಿ ನನ್ನದಲ್ಲ. ಎನ್.ಆರ್. ಪುರದ ಕಡೆಯ ಆ ಚಿಕ್ಕ ಚರ್ಚಿನ ಪ್ರತಿಯೊಂದು ಫೇಸ್‌ಬುಕ್, ವಾಟ್ಸಾಪ್ ಪೋಸ್ಟಿನ ಅಂಚಿನಲ್ಲೂ ಆರು ವರ್ಷಗಳಿಂದ ಹಬ್ಬಿಕೊಂಡಿರುವ ಮೆಣಸಿನ ಬಳ್ಳಿ, ನೋಡಿದ ಕೂಡಲೇ ಜನ 'ಇದು ಸವಿತಾ ಮಾಡಿದ ಡಿಸೈನ್' ಎನ್ನುವ ಬಳ್ಳಿ — ಅದನ್ನು ನಾನು ಕದ್ದೆ. ಕದ್ದದ್ದಷ್ಟೇ ಆಗಿದ್ದರೆ ಇದನ್ನು ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಯಾರಿಂದ ಕದ್ದೆನೋ ಅವರೇ ಎದುರು ನಿಂತು ಕೇಳಿದಾಗ ಸುಳ್ಳು ಹೇಳಿದೆ. ಅವರು ನಂಬಿದರು.

ಅವರು ಸಿಸಿಲಿಯಾ ಬಾಯಮ್ಮ. ನಾನು ಹತ್ತು ವರ್ಷದವಳಿದ್ದಾಗ ನನ್ನ ಅಮ್ಮ ಚರ್ಚಿನ ಹತ್ತಿರದ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಶನಿವಾರ ಮಧ್ಯಾಹ್ನ ಚರ್ಚಿನ ಜಗಲಿಯಲ್ಲಿ ಬಾಯಮ್ಮ ಹೆಣ್ಣುಮಕ್ಕಳಿಗೆ ಕಸೂತಿ ಹೇಳಿಕೊಡುತ್ತಿದ್ದರು. ಯಾವ ಜಾತಿ, ಯಾವ ಧರ್ಮ ಎಂದು ಕೇಳುತ್ತಿರಲಿಲ್ಲ. ಕೈ ತೊಳೆದುಕೊಂಡು ಬಂದಿದ್ದೀರಾ ಎಂದು ಮಾತ್ರ ಕೇಳುತ್ತಿದ್ದರು. ನನ್ನ ಹೊಲಿಗೆ ಒಂದೂ ನೆಟ್ಟಗೆ ಬರುತ್ತಿರಲಿಲ್ಲ. ಒಂದು ದಿನ ಅವರು ನನ್ನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕುಬಿಟ್ಟರು.

"ನಿನ್ನ ಕೈಗೆ ಸೂಜಿ ಹೇಳಿದ್ದಲ್ಲ ಮಾರಾಯ್ತಿ. ಪೆನ್ಸಿಲ್ ಹಿಡಿ ನೀನು."

ಅಂದಿನಿಂದ ಚಿತ್ರವನ್ನು ಕಾರ್ಬನ್ ಪೇಪರ್ ಇಟ್ಟು ಬಟ್ಟೆಗೆ ಇಳಿಸುವ ಕೆಲಸ ನನ್ನದಾಯಿತು. ಆ ಶನಿವಾರಗಳನ್ನು ನೆನೆದರೆ ಈಗಲೂ ಬೆರಳ ತುದಿ ನೀಲಿಯಾದ ಹಾಗೆ ಅನ್ನಿಸುತ್ತದೆ. ಜಗಲಿಯ ಕೆಂಪು ನೆಲದ ತಂಪು, ಟ್ರಂಕು ತೆರೆದಾಗ ಬರುತ್ತಿದ್ದ ನುಸಿಗುಳಿಗೆಯ ವಾಸನೆ, ಗಂಜಿ ಹಾಕಿದ ಬಿಳಿ ಬಟ್ಟೆಯ ಸರಪರ ಸದ್ದು. ನನಗೆ ನನ್ನ ಕೈಯ ಬೆಲೆ ಮೊದಲು ತಿಳಿಸಿದ್ದು ಅವರು — ಇದನ್ನು ಮರೆತೆ ಎಂದು ಹೇಳಲಾರೆ. ಮರೆತಿರಲಿಲ್ಲ.

ಚರ್ಚಿನ ಪೀಠಕ್ಕೆ ಹೊದಿಸುವ ಬಟ್ಟೆಗಳನ್ನೆಲ್ಲ ಅವರೇ ಕಸೂತಿ ಮಾಡುತ್ತಿದ್ದರು. ಬೇರೆ ಕಡೆ ಅಂಥ ಬಟ್ಟೆಗಳ ಮೇಲೆ ದ್ರಾಕ್ಷಿ ಗೊಂಚಲು, ಗೋಧಿ ತೆನೆ ಇರುತ್ತವೆ. ಬಾಯಮ್ಮನ ಬಳಿಯೂ ಅಂಥ ಚಿತ್ರಗಳ ಪುಸ್ತಕವಿತ್ತು, ಆದರೆ ಅವರು ಅದನ್ನು ತೆರೆಯುತ್ತಿರಲಿಲ್ಲ. "ದ್ರಾಕ್ಷಿ ಬಳ್ಳಿ ನಾನು ಕಂಡದ್ದು ಯಾವಾಗ? ದೇವರು ನಮ್ಮೂರಿಗೆ ಬಂದ ಮೇಲೆ ನಮ್ಮೂರ ಬಳ್ಳಿಯೇ ಸೈ" ಎನ್ನುತ್ತಿದ್ದರು. ಅವರದು ಮೆಣಸಿನ ಬಳ್ಳಿ. ಎಲೆಯ ಸುತ್ತ ಸರಪಳಿ ಹೊಲಿಗೆ, ಕಾಳುಗಳಿಗೆ ಒಂದೊಂದು ಗಂಟು. ಪ್ರತಿ ಬಳ್ಳಿಯಲ್ಲೂ ಒಂದು ಎಲೆಯನ್ನು ಹುಳ ತಿಂದಿರುತ್ತಿತ್ತು — ಅಂಚಿನಲ್ಲಿ ಅರ್ಧಚಂದ್ರದಂಥ ಒಂದು ಕಚ್ಚು. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಹುಳ ಮುಟ್ಟದ ಬಳ್ಳಿ ಎಲ್ಲುಂಟು ಹೇಳು? ಅದಕ್ಕೂ ಊಟ ಬೇಡ್ವಾ?" ಎಂದಿದ್ದರು.

ಮುಂದೆ ನಾನು ಕೊಪ್ಪದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಡಿಟಿಪಿ ಅಂಗಡಿ ಹಾಕಿದೆ. ಶೃಂಗೇರಿಯ ಲಾಡ್ಜುಗಳ ಬೋರ್ಡು, ಭಂಡಿಗಡಿಯ ಗೃಹಪ್ರವೇಶದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು. ಕೋವಿಡ್ ಬಂದು ಚರ್ಚಿನ ಬಾಗಿಲು ಮುಚ್ಚಿದಾಗ ಅಲ್ಲಿನ ಫಾದರ್ ಫೋನ್ ಮಾಡಿದರು. ಪೂಜೆಯನ್ನು ಮೊಬೈಲಿನಲ್ಲೇ ತೋರಿಸಬೇಕು, ದಿನಕ್ಕೊಂದು ಬೈಬಲ್ ವಾಕ್ಯ ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಹಾಕಬೇಕು. ಆವರೆಗೆ ಯಾರೋ ಅದನ್ನೆಲ್ಲ ಸಿಕ್ಕ ಸಿಕ್ಕ ಆ್ಯಪಿನಲ್ಲಿ ಮಾಡುತ್ತಿದ್ದರು — ಒಂದು ದಿನ ಸೂರ್ಯಾಸ್ತ, ಒಂದು ದಿನ ಗುಲಾಬಿ, ಮೂಲೆಯಲ್ಲೊಂದು ಪಾರಿವಾಳ, ನಾಲ್ಕು ಬಗೆಯ ಅಕ್ಷರ.

"ಎಲ್ಲ ಚರ್ಚಿನದ್ದೂ ಒಂದೇ ತರ ಕಾಣ್ತದೆ" ಎಂದರು ಫಾದರ್. "ಜನ ಹೆಸರು ಓದೋ ಮೊದಲೇ ಇದು ನಮ್ಮದು ಅಂತ ಗೊತ್ತಾಗ್ಬೇಕು. ಮನೆಯೊಳಗೆ ಕೂತವರಿಗೆ ಚರ್ಚಿಗೆ ಬಂದ ಹಾಗೆ ಅನ್ನಿಸ್ಬೇಕು."

ಒಂದು ವಾರ ಏನೇನೋ ಮಾಡಿದೆ. ಶಿಲುಬೆ, ಗೋಪುರ, ಬೆಟ್ಟದ ಸಾಲು — ಯಾವುದರಲ್ಲೂ ಜೀವವಿರಲಿಲ್ಲ. ಕ್ಯಾಮೆರಾ ಹೊಂದಿಸಲು ಚರ್ಚಿಗೆ ಹೋದ ಬೆಳಿಗ್ಗೆ, ಖಾಲಿ ಬೆಂಚುಗಳ ಎದುರು, ಪೀಠದ ಬಟ್ಟೆಯ ಮೇಲೆ ಫೋಕಸ್ ನಿಂತಿತು. ಬಳ್ಳಿ ಪರದೆಯ ತುಂಬ ಬಂತು. ನಾಲ್ಕು ಫೋಟೋ ತೆಗೆದುಕೊಂಡೆ. ಅಂಗಡಿಗೆ ಬಂದು ಅದರ ಮೇಲೆಯೇ ಗೆರೆ ಎಳೆದೆ. ಎಲೆಗೆ ಎಲೆ, ಕಾಳಿಗೆ ಕಾಳು. ಒಂದು ಮಧ್ಯಾಹ್ನದ ಕೆಲಸ. ಬಣ್ಣ ಮಾತ್ರ ನನ್ನದು — ಈಸ್ಟರಿಗೆ ಮುಂಚಿನ ತಪಸ್ಸುಕಾಲಕ್ಕೆ ನೇರಳೆ ಹಿನ್ನೆಲೆ, ಹಬ್ಬಕ್ಕೆ ಬಿಳಿ, ಉಳಿದ ದಿನಕ್ಕೆ ಹಸಿರು. ಬಳ್ಳಿ ಮಾತ್ರ ಬದಲಾಗದು. ಹುಳ ತಿಂದ ಎಲೆಯನ್ನೂ ಬಿಡಲಿಲ್ಲ.

ಫಾದರ್ ಅದನ್ನು ದೊಡ್ಡದು ಮಾಡಿ ನೋಡಿದರು. "ಇದು ಹೇಗೆ ಹೊಳೀತು ನಿಮಗೆ?" ಎಂದರು. ಅವರು ಊರಿಗೆ ಹೊಸಬರು. ಪೀಠದ ಬಟ್ಟೆಯನ್ನು ಅಷ್ಟು ಗಮನಿಸಿರಲಿಲ್ಲ. ಆಗ ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು.

"ತುಂಬಾ ದಿನ ಯೋಚನೆ ಮಾಡಿದೆ ಫಾದರ್" ಎಂದೆ.

ಎಲ್ಲರೂ ಮೆಚ್ಚಿದರು. ಬೆಂಚಿನಲ್ಲಿ ಕೂತವರಿಗೆ ಪೀಠದ ಬಟ್ಟೆಯ ಕಸೂತಿ ಅಷ್ಟು ಬಿಡಿಸಿ ಕಾಣುತ್ತಿರಲಿಲ್ಲ, ಎರಡನ್ನೂ ಯಾರೂ ಜೋಡಿಸಲಿಲ್ಲ. ಬೇರೆ ಚರ್ಚುಗಳವರು ನನ್ನ ನಂಬರ್ ಕೇಳಿದರು. ವಿದೇಶದಲ್ಲಿದ್ದವರು ಆ ಬಳ್ಳಿ ನೋಡಿ ಊರಿಗೆ ಬಂದ ಹಾಗಾಯಿತೆಂದು ಬರೆದರು. ಆ ಕಚ್ಚಿದ ಎಲೆಯನ್ನಂತೂ — ಎಷ್ಟು ಜನ ಅದನ್ನೇ ಎತ್ತಿ ಹೇಳಿದರು! ನಾನು ಒಂದೊಂದು ಮಾತನ್ನೂ ಓದಿದೆ, ಮತ್ತೆ ಮತ್ತೆ ಓದಿದೆ.

ಚರ್ಚು ಮತ್ತೆ ತೆರೆದ ಮೊದಲ ಭಾನುವಾರ ನಾನು ಹೋಗಿದ್ದೆ. ಬಾಗಿಲ ಪಕ್ಕ ಬಳ್ಳಿಯಿದ್ದ ದೊಡ್ಡ ಫ್ಲೆಕ್ಸು. ಬಾಯಮ್ಮ ಅದರ ಮುಂದೆ ನಿಂತಿದ್ದರು, ಮಾಸ್ಕು ಗಲ್ಲಕ್ಕೆ ಜಾರಿತ್ತು. ಅವರ ಬಳಿ ಪೋಸ್ಟ್ ನೋಡುವಂಥ ಫೋನ್ ಇರಲಿಲ್ಲ. ಅದನ್ನು ಅವರು ಕಂಡದ್ದು ಆಗಲೇ ಮೊದಲು. ನನ್ನನ್ನು ನೋಡಿ ಮುಖ ಅರಳಿತು.

"ಸವಿತಾ, ಇದು ನನ್ನ ಬಳ್ಳಿ ಅಲ್ದಾ? ಹುಳ ತಿಂದ ಎಲೆಯೂ ಉಂಟಲ್ಲ!"

ಅವರ ದನಿಯಲ್ಲಿ ದೂರಿನ ನೆರಳೂ ಇರಲಿಲ್ಲ. ಸಂತೋಷವಿತ್ತು. 'ಹೌದು ಬಾಯಮ್ಮ, ನಿಮ್ಮದೇ' ಎಂದಿದ್ದರೆ ಅವರು ನನ್ನ ಕೆನ್ನೆ ಹಿಂಡುತ್ತಿದ್ದರು, ಅಷ್ಟೇ. ಆದರೆ ನಾಲ್ಕು ಹೆಜ್ಜೆಯಾಚೆ ಫಾದರ್ ನಿಂತಿದ್ದರು. ಅವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದೆ —

"ಅಲ್ಲ ಬಾಯಮ್ಮ. ಇದು ಇಂಟರ್ನೆಟ್ಟಲ್ಲಿ ಸಿಗೋ ಡಿಸೈನು. ಎಲ್ಲಾ ಕಡೆ ಇರ್ತದೆ."

"ಹೌದನಾ?" ಎಂದರು. ಮತ್ತೊಮ್ಮೆ ಫ್ಲೆಕ್ಸನ್ನು ನೋಡಿದರು. "ಹೌದನಾ..."

ಫಾದರ್‌ಗೆ ನನ್ನದು ಎಂದೆ, ಬಾಯಮ್ಮನಿಗೆ ಯಾರದೂ ಅಲ್ಲ ಎಂದೆ. ಎರಡನೆಯದೇ ದೊಡ್ಡ ಸುಳ್ಳು ಎಂದು ತಿಳಿಯಲು ನನಗೆ ವರ್ಷಗಳು ಹಿಡಿದವು.

ಮರುವರ್ಷದ ಹಬ್ಬಕ್ಕೆ ಬಾಯಮ್ಮ ಹೊಸ ಬಟ್ಟೆ ಹೊಲಿದು ತಂದರು. ಊರಿಗೆ ಹೊಸದಾಗಿ ಬಂದ ಹೆಂಗಸೊಬ್ಬರು ಅದನ್ನು ಮುಟ್ಟಿ ನೋಡಿ, "ಮೊಬೈಲ್ ನೋಡಿ ಎಷ್ಟು ಚಂದ ಕಾಪಿ ಮಾಡಿದ್ದೀರಿ ಆಂಟಿ!" ಎಂದರು. ನಾನು ಪಕ್ಕದಲ್ಲೇ ಕ್ಯಾಮೆರಾದ ವಯರು ಸುತ್ತುತ್ತಿದ್ದೆ. ಬಾಯಮ್ಮ ನನ್ನತ್ತ ನೋಡಿದರು. ನಾನೇನಾದರೂ ಹೇಳುತ್ತೇನೆಂದು ಕಾದರೋ, ಸುಮ್ಮನೆ ನೋಡಿದರೋ — ತಿಳಿಯದು. ನಾನು ವಯರು ಸುತ್ತುತ್ತಲೇ ಇದ್ದೆ.

ಅದೇ ಅವರ ಕೊನೆಯ ಬಟ್ಟೆ. ಆಮೇಲೆ ಪೀಠಕ್ಕೆ ನನ್ನ ಅಂಗಡಿಯಲ್ಲೇ ಪ್ರಿಂಟ್ ಮಾಡಿಸಿದ ಬಟ್ಟೆ ಬಂತು. ಯಾಕೆ ಹೊಲಿಯುವುದಿಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಕಂಪ್ಯೂಟರಲ್ಲೇ ಸಿಗ್ತದಂತಲ್ಲ, ನಾನು ಯಾಕೆ ಕಣ್ಣು ಹಾಳು ಮಾಡ್ಕೊಳ್ಲಿ?" ಎಂದರಂತೆ. ಆಗ ಅವರ ಕಣ್ಣು ಚೆನ್ನಾಗಿತ್ತು. ಈಗ ಸರಿಯಾಗಿ ಕಾಣುವುದಿಲ್ಲ.

ಕಳೆದ ತಿಂಗಳು ಈಗಿನ ಫಾದರ್ ಚರ್ಚಿನ ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದರು — ಈ ಬಳ್ಳಿ, ಆ ಹುಳ ತಿಂದ ಎಲೆ ನಿಮಗೆ ಹೇಗೆ ಹೊಳೆಯಿತು ಎಂದು. ಟೈಪ್ ಮಾಡಲು ಕೂತೆ. ಸುಳ್ಳು ಸರಾಗವಾಗಿ ಬರುತ್ತಿತ್ತು. ಬಾಲ್ಯ, ಬಳ್ಳಿ, ಕೆಲಸದಿಂದ ಬರುವ ಅಮ್ಮ... ಅರ್ಧ ಪುಟವಾದ ಮೇಲೆ ನನ್ನದೇ ವಾಕ್ಯಗಳನ್ನು ಓದಿ ಹೇಸಿಗೆಯಾಯಿತು. ಫಾದರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಮೊದಲು ಅವರಿಗೆ ಹೇಳಿ. ಸಂಚಿಕೆ ಆಮೇಲೆ" ಎಂದರು.

ಮರುದಿನವೇ ಹೋದೆ. ಬಾಯಮ್ಮ ಈಗ ತಂಗಿಯ ಮಗಳ ಜೊತೆ ಇದ್ದಾರೆ. ದನಿಯಿಂದಲೇ ನನ್ನ ಗುರುತು ಹಿಡಿದರು. ಕಾಫಿ ತರಿಸಿದರು. ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ — ಫೋಟೋ, ಗೆರೆ, ಆಗಿನ ಫಾದರ್‌ಗೆ ಹೇಳಿದ್ದು, ಅವರಿಗೆ ಹೇಳಿದ್ದು. ಅವರು ಕೇಳಿದರು:

"ಹಂಗಾದ್ರೆ ಇಂಟರ್ನೆಟ್ಟಲ್ಲಿ ಇರ್ಲಿಲ್ವಾ ಅದು?"

"ಇರ್ಲಿಲ್ಲ ಬಾಯಮ್ಮ. ನಿಮ್ಮದೊಂದೇ."

"ನಾನು ಎಂತ ಅಂದ್ಕೊಂಡಿದ್ದೆ ಗೊತ್ತುಂಟಾ" ಎಂದರು. "ಎಲ್ಲೋ ಒಂದು ಊರಲ್ಲಿ ನನ್ನ ಹಂಗೇ ಒಬ್ಬಳು ಇದ್ದಾಳೆ ಅಂತ. ಅವಳಿಗೂ ಒಂದೆಲೆ ಹುಳಕ್ಕೆ ಬಿಡ್ಬೇಕು ಅಂತ ಅನ್ನಿಸಿದೆ ಅಂತ. ಹೊಲಿಯೋದು ಬಿಟ್ಟ ಮೇಲೂ ಅವಳ ನೆನಪು ಬರ್ತಿತ್ತು. ಅವಳಾದ್ರೂ ಹೊಲೀತಿರ್ತಾಳೆ ಅಂತ..." ಸೆರಗಿನ ಅಂಚನ್ನು ಬೆರಳಲ್ಲಿ ಮಡಿಸಿದರು, ಬಿಡಿಸಿದರು. "ಹಂಗಾದ್ರೆ ಅವಳಿಲ್ಲ ಅಂತಾಯ್ತು."

ಆಮೇಲೆ ಅವರೇ, "ಕಾಫಿ ತಣ್ಣಗಾಯ್ತೇನೋ, ಕುಡಿ" ಎಂದರು.

ಈಗ ಪ್ರತಿ ಪೋಸ್ಟಿನಲ್ಲೂ ಅವರ ಹೆಸರಿದೆ. ಸಂಚಿಕೆಗೆ ನಾನು ಕೊಟ್ಟಿರುವುದು ಇದೇ ಬರಹ. ಹೆಸರು ಹಾಕಿರುವುದನ್ನು ತಂಗಿಯ ಮಗಳು ಓದಿ ಹೇಳಿದಾಗ ಬಾಯಮ್ಮ "ಇರ್ಲಿ" ಎಂದರಂತೆ. ಕ್ಷಮಿಸಿ ಎಂದು ನಾನು ಕೇಳಿಲ್ಲ, ಕೇಳುವ ಧೈರ್ಯ ಬಂದಿಲ್ಲ. ಮೊದಲು ಅವರ ಬಳ್ಳಿಯನ್ನು ತೆಗೆದುಕೊಂಡೆ. ಆರು ವರ್ಷದ ಮೇಲೆ, ನಿಜ ಹೇಳುತ್ತೇನೆಂದು ಹೋಗಿ, ಎಲ್ಲೋ ಕೂತು ಹೊಲಿಯುತ್ತಿದ್ದ ಆ ಹೆಂಗಸನ್ನೂ ತೆಗೆದುಕೊಂಡು ಬಂದೆ.