ಮೂರು ಲೋಟ ಹಾಲು

ನಿಧಾನಕ್ಕ ಹೋದ ತಿಂಗಳು ತೀರಿಕೊಂಡಳು. ಅವಸರದಲ್ಲಿ ಅವಳು ಮಾಡಿದ್ದು ಅದೊಂದೇ. ಉಣ್ಣುವುದು, ನಡೆಯುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು ಎಲ್ಲ ನಿಧಾನ. ಬೀದಿಯವರಿಟ್ಟ ಆ ಹೆಸರೇ ಗಟ್ಟಿಯಾಗಿ ನಿಂತಿತ್ತು. ತಮ್ಮನ ಕೊಟ್ಟಿಗೆಯ ಹಸುಗಳನ್ನು ಇಪ್ಪತ್ತೆರಡು ವರ್ಷ ಕರೆದಳು. ಹಾಲಿನ ಮೊದಲ ಎರಡು ಧಾರೆಯನ್ನು ಕಪ್ಪು ತಟ್ಟೆಗೆ ಬಿಟ್ಟು ಬೆಳಕಿಗೆ ಹಿಡಿದು ನೋಡದೆ ಬಕೆಟ್ ಮುಟ್ಟಿದವಳಲ್ಲ.

ಒಮ್ಮೆ ಕಂದು ಹಸುವಿನ ಹಾಲು ತಟ್ಟೆಯಲ್ಲಿ ಗರಣೆಗರಣೆಯಾಗಿ ಕಂಡಿತು. ಕೆಚ್ಚಲಿನ ಒಂದು ಭಾಗ ಕಲ್ಲಿನಂತಾಗಿ ಸುಡುತ್ತಿತ್ತು. ಪಶುವೈದ್ಯೆ ಬಂದು ಕೆಚ್ಚಲು ಬಾವು ಎಂದಳು; ಮೊಲೆತೊಟ್ಟಿನೊಳಗೆ ಏರಿಸುವ ಆ್ಯಂಟಿಬಯೋಟಿಕ್ ಟ್ಯೂಬುಗಳನ್ನು ಕೊಟ್ಟಳು.

"ಮೂರು ದಿನ ಔಷಧಿ. ಆಮೇಲೆ ನಾಲ್ಕು ದಿನ ಕಳೆಯೋವರೆಗೂ ಇದರ ಹಾಲು ಡೇರಿಗೆ ಹೋಗ್ಬಾರದು. ಕೆಲವರಿಗೆ ಈ ಔಷಧಿ ಒಗ್ಗಲ್ಲ, ಜೀವಕ್ಕೇ ಬರತ್ತೆ."

ನಿಧಾನಕ್ಕ ಆ ಹಾಲಿಗೆಂದೇ ಒಂದು ನೀಲಿ ಬಕೆಟ್ ಇಟ್ಟಳು.

ಎರಡನೆಯ ದಿನ ಬೆಳಿಗ್ಗೆ ಅವಳು ಕೈ ತೊಳೆದು ಬರುವಷ್ಟರಲ್ಲಿ ನೀಲಿ ಬಕೆಟ್ ತೊಳೆಸಿಕೊಂಡು ಬೋರಲು ಬಿದ್ದಿತ್ತು.

"ಇದರಲ್ಲಿದ್ದ ಹಾಲು ಎಲ್ಲೋ?"

"ನೀನು ಕೈ ತೊಳ್ದು ಬರೋದ್ರೊಳಗೆ ಕರು ಹೋಗಿ ಹಸು ಆಗಿರತ್ತೆ," ಎಂದ ತಮ್ಮ. "ಇದ್ದಬದ್ದ ಬಕೆಟ್ಟೆಲ್ಲ ನಾನೇ ಕ್ಯಾನಿಗೆ ಸುರಿದೆ."

"ನೀಲಿದೂ?"

ತಮ್ಮ ತಲೆ ಕೆರೆದುಕೊಂಡ. "ಬಣ್ಣ ಯಾರು ನೋಡಿದ್ರು? ಅದನ್ನ ಅವಳೇ ಚೆಲ್ಲಿರಬೇಕು."

ಅವಳು, ಎಂದರೆ ಅವನ ಹೆಂಡತಿ, ಬಕೆಟ್ ತೊಳೆದಿಟ್ಟು ಮೊದಲ ಬಸ್ಸಿಗೆ ತವರಿಗೆ ಹೊರಟಿದ್ದಳು. ಫೋನ್ ಮಾಡಿದರೆ ಅದು ಅಡುಗೆಮನೆಯ ಕಿಟಕಿಯಲ್ಲೇ ಹೊಡೆದುಕೊಂಡಿತು. ಬಾವು ಬಂದ ಹಸು ಕೊಟ್ಟದ್ದು ಎರಡೇ ಲೀಟರ್. ಮೂವತ್ತು ಲೀಟರಿನಷ್ಟು ಹಾಲಿದ್ದ ಕ್ಯಾನಿನ ಮಟ್ಟ ನೋಡಿ ಅದು ಬೆರೆತಿದೆಯೇ ಎಂದು ಹೇಳುವಂತಿರಲಿಲ್ಲ. ಡೇರಿಯಲ್ಲಿ ಹಾಲಿನಲ್ಲಿ ಔಷಧಿ ಇದೆಯೇ ಎಂದು ನೋಡುವ ಪರೀಕ್ಷೆಯ ಪಟ್ಟಿಗಳು ಮುಗಿದು ಎರಡು ದಿನವಾಗಿತ್ತು.

"ಡೇರಿಗೆ ಹಾಕ್ಬಿಡೋಣ ಅಕ್ಕ. ಅಷ್ಟು ದೊಡ್ಡ ಟ್ಯಾಂಕಲ್ಲಿ ಇದ್ಯಾವ ಲೆಕ್ಕ?"

"ಕುಡಿಯೋ ಮಗು ಟ್ಯಾಂಕ್ ಕುಡಿಯಲ್ಲ ಕಣೋ, ಲೋಟ ಕುಡಿಯತ್ತೆ."

"ಹಾಗಾದ್ರೆ ಚೆಲ್ಲು."

"ಒಳ್ಳೇ ಹಾಲಾಗಿದ್ರೆ?"

ಅಕ್ಕ ಕ್ಯಾನನ್ನು ತಣ್ಣೀರಿನ ತೊಟ್ಟಿಯಲ್ಲಿ ಇಳಿಸಿ, ಮೂರು ಲೋಟ ತಂದಳು. ಮೊದಲನೆಯದಕ್ಕೆ ಕ್ಯಾನಿನ ಹಾಲು. ಎರಡನೆಯದಕ್ಕೆ ಬಿಳಿ ಹಸುವಿನಿಂದ ಆಗಷ್ಟೇ ಹಿಂಡಿದ್ದು. ಮೂರನೆಯದಕ್ಕೆ, ಕ್ಯಾನಿನ ಪ್ರಮಾಣದಲ್ಲೇ, ಅದೇ ಹಾಲು ಹದಿನೈದು ಚಮಚ, ಜೊತೆಗೆ ಕಂದು ಹಸುವಿನಿಂದ ಹಿಂಡಿದ್ದು ಒಂದು ಚಮಚ. ಮೂರನ್ನೂ ಉಗುರುಬೆಚ್ಚಗೆ ಮಾಡಿ, ಒಂದೊಂದು ಚಮಚ ಮೊಸರಿನ ಹೆಪ್ಪು ಹಾಕಿ, ಕಂಬಳಿ ಸುತ್ತಿದಳು.

"ಇದೇನು, ಹಾಲಿಗೆ ಬಾಣಂತನಾನಾ?"

"ರೋಗದ ಹುಳ ಕೊಲ್ಲೋ ಔಷಧಿ ಮೊಸರಿನ ಹುಳಾನೂ ಬಿಡಲ್ಲ. ಔಷಧಿ ಬಿದ್ದಿದ್ರೆ ಹೆಪ್ಪುಗಟ್ಟಲ್ಲ."

"ಮೂರನೇ ಲೋಟ ಯಾಕೆ?"

"ಅದ್ರಲ್ಲಿ ಔಷಧಿ ಇದ್ದೇ ಇದೆ. ಅದೂ ಗಟ್ಟಿಯಾಗ್ಬಿಟ್ರೆ ನನ್ನ ಲೆಕ್ಕಾನೇ ಸುಳ್ಳು ಅಂತ."

ಐದು ಗಂಟೆ ಕಾಲ ಕಾದರು. ಗಳಿಗೆಗೊಮ್ಮೆ ಕಂಬಳಿ ಎತ್ತಲು ಬಂದ ತಮ್ಮನ ಕೈಗೆ ಅವಳು ಏಟು ಕೊಟ್ಟಳು. ಬೇರೆಯ ದಿನ ಕೊಟ್ಟಿಗೆಯಲ್ಲಿ ಗುನುಗುವವಳು ಅಂದು ಗುನುಗಲಿಲ್ಲ. ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಕಂಬಳಿ ಬಿಚ್ಚಿದಳು.

ಮೂರನೆಯದನ್ನೇ ಮೊದಲು ಓರೆ ಮಾಡಿದಳು. ನೀರಿನ ಹಾಗೆ ತುಳುಕಿತು. ಎರಡನೆಯದು ಗಟ್ಟಿ. ಮೊದಲನೆಯ ಲೋಟಕ್ಕೆ ಕೈ ಹಾಕಿ ಒಂದು ಕ್ಷಣ ತಡೆದಳು. ಓರೆ ಮಾಡಿದಳು. ಹಾಲು ಅಲುಗಲಿಲ್ಲ. ಇನ್ನಷ್ಟು ಬಗ್ಗಿಸಿದಳು. ಅಂಚಿನಿಂದ ಅಂಚಿಗೆ ಒಂದೇ ಬಿಲ್ಲೆಯಾಗಿ ಹೆಪ್ಪುಗಟ್ಟಿತ್ತು.

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಚೆಲ್ಲಿದ್ದಾಳೆ," ಎಂದಳು. "ನಿನ್ನ ಹೆಂಡ್ತಿ ಚೆಲ್ಲಿದ್ದಾಳೆ. ಪುಣ್ಯಾತ್ಗಿತ್ತಿ."

"ಇನ್ನೊಂದ್ಸಲ ಬಗ್ಗಿಸು, ನೋಡೋಣ," ಎಂದ ತಮ್ಮ, ಪಕ್ಕದಲ್ಲೇ ಕುಕ್ಕರಿಸಿ.

ಅವಳು ಬಗ್ಗಿಸಿದಳು. ಇಬ್ಬರೂ ನೋಡುತ್ತ ಕೂತರು. ಸಂಜೆಯ ಡೇರಿ ವ್ಯಾನು ಬೀದಿಯ ತುದಿಯಲ್ಲಿ ಹಾರ್ನ್ ಮಾಡಿದಾಗ, ಆಚೆ ಹಿಡಿಕೆ ಅವನು, ಈಚೆ ಹಿಡಿಕೆ ಅವಳು ಹಿಡಿದು, ಕ್ಯಾನನ್ನು ತೊಟ್ಟಿಯಿಂದ ಮೇಲೆತ್ತಿದರು.