ಪಾಪಕ್ಕೆ ತೂಕ ಕಟ್ಟಿದ ತಕ್ಕಡಿಯಣ್ಣ

ತಕ್ಕಡಿ ರಿಪೇರಿಯಲ್ಲಿ ಮೂವತ್ತು ವರ್ಷ ಸವೆಸಿದವನನ್ನು ಬೀದಿಯವರೆಲ್ಲ ತಕ್ಕಡಿಯಣ್ಣ ಎನ್ನುತ್ತಿದ್ದರು. ತೂಕ ಸರಿಯಿಲ್ಲವೆಂದು ಅಂಗಡಿಯವರು ಗೊಣಗಿದರೆ, "ಯಂತ್ರ ಸುಳ್ಳು ಹೇಳಲ್ಲ ಸಾಹೇಬ್ರೇ, ಆ ಕೆಲಸ ನಮ್ಮದು" ಎನ್ನುವುದು ಅವನ ಕಾಯಂ ಮಾತು. ಭಾನುವಾರ ಚರ್ಚಿನಲ್ಲಿ ಅಕ್ಕನ ಪಕ್ಕ ಕೂತು ತೂಕಡಿಸುವುದು ಕಾಯಂ ಅಭ್ಯಾಸ.

ಅಂಥವನಿಗೆ ಬೋಧಕರು ಸಿಕ್ಕರು. ಹಳೇ ಗೋದಾಮಿನ ಮಹಡಿಯಲ್ಲಿ ಸಭೆ ನಡೆಸುತ್ತಿದ್ದ ಈ ಮಹಾನುಭಾವರು, "ಯೇಸು ದಾರಿ ತೋರಿಸಿ ಹೋದ, ತಲುಪಿಸೋನು ನಾನು" ಎನ್ನುತ್ತಿದ್ದರು. ಪಾಪಕ್ಕೂ ತೂಕವಿದೆ, ಅದು ಕರಗಿದಷ್ಟೂ ಮೈ ಹಗುರ ಎಂಬುದು ಅವರ ಸಂಶೋಧನೆ. ಅಳೆಯಲೆಂದೇ ವೇದಿಕೆಯ ಮೇಲೊಂದು ಆಳೆತ್ತರದ ತೂಕದ ಯಂತ್ರ. ಅದನ್ನು ನೋಡಿಕೊಳ್ಳುವ ಹೊಣೆ ಸಿಕ್ಕಿದ್ದೇ ತಡ, ತಕ್ಕಡಿಯಣ್ಣನ ಎದೆ ಎರಡಂಗುಲ ಉಬ್ಬಿತು. ಚರ್ಚಿನಲ್ಲಿ ಅವನಿಗೆ ಕಿಟಕಿ ಮುಚ್ಚುವುದಕ್ಕಿಂತ ದೊಡ್ಡ ಕೆಲಸ ಯಾರು ಕೊಟ್ಟಿದ್ದರು? ಅಕ್ಕನನ್ನೂ ಸಭೆಗೆ ಎಳೆತಂದ.

ಒಂದು ದಿನ ಬೋಧಕರೇ ಯಂತ್ರ ಹತ್ತಿದರು. ಮುಳ್ಳು ತೊಂಬತ್ತೆರಡಕ್ಕೆ ಹೋಗಿ ನಿಂತಿತು.

"ಯಂತ್ರ ಕೆಟ್ಟಿದೆ," ಎಂದರು.

ಬೇರೆ ಯಾರೇ ಹಾಗೆಂದಿದ್ದರೂ ತಕ್ಕಡಿಯಣ್ಣ ನಕ್ಕುಬಿಡುತ್ತಿದ್ದ. ಈಗ ಪರೀಕ್ಷೆಯ ಕಲ್ಲಿಟ್ಟು ನೋಡದೆಯೇ ತಿರುಪು ತಿರುಗಿಸಿ ಹತ್ತು ಕಿಲೋ ಇಳಿಸಿಬಿಟ್ಟ. ಮುಂದಿನ ವಾರ ಇಡೀ ಸಭೆ ಒಮ್ಮೆಗೇ ಹತ್ತು ಹತ್ತು ಕಿಲೋ ಹಗುರಾಯಿತು. ಪವಾಡವೆಂದು ಜನ ಅತ್ತರು. ಯಂತ್ರ ಕೆಡಿಸಿದವನೂ ಜೊತೆಗೆ ಅತ್ತ.

ಅಕ್ಕನಿಗೆ ಅಷ್ಟು ಸಾಲಲಿಲ್ಲ. ಇನ್ನೂ ಹಗುರಾಗಬೇಕೆಂದು ರಾತ್ರಿಯೂಟ ಬಿಟ್ಟಳು, ಆಮೇಲೆ ಮಧ್ಯಾಹ್ನದ್ದೂ. ಮೂರನೇ ತಿಂಗಳು ಸಭೆಯ ಮೆಟ್ಟಿಲ ಮೇಲೆಯೇ ಕುಸಿದಳು.

"ಆಹಾ, ಹಗುರಾಗಿ ಸ್ವರ್ಗಕ್ಕೇ ಏರ್ತಾ ಇದ್ದಾಳೆ!" ಎಂದರು ಬೋಧಕರು.

ತಕ್ಕಡಿಯಣ್ಣ ಅವಳನ್ನು ಎತ್ತಿಕೊಂಡ. ದಿನವೂ ಕಬ್ಬಿಣದ ಕಲ್ಲೆತ್ತುವ ಕೈಗೆ ಮೋಸ ಮಾಡಲಾಗದು. ಮೂವತ್ತೈದು ಕಿಲೋ ಕೂಡ ಇರಲಿಲ್ಲ. ಅಂದು ತಿರುಗಿಸಿದ ತಿರುಪು ನೆನಪಾಗಿ, ಅವಳನ್ನು ಹೊತ್ತೇ ಆಸ್ಪತ್ರೆಗೆ ಓಡಿದ.

ಆಸ್ಪತ್ರೆಯಿಂದ ಅಕ್ಕ ಮನೆಗೆ ಬಂದ ಮಾರನೇ ದಿನ, ತಲಾ ಇಪ್ಪತ್ತು ಕಿಲೋದ ಎರಡು ತೂಕದ ಕಲ್ಲು ಹೊತ್ತು ಏದುಸಿರು ಬಿಡುತ್ತಾ ಸಭೆಯ ಮಹಡಿ ಹತ್ತಿದ. ಎರಡನ್ನೂ ಯಂತ್ರದ ಮೇಲಿಟ್ಟ. ಮುಳ್ಳು ಮೂವತ್ತಕ್ಕೆ ನಿಂತಿತು.

"ನೋಡ್ರಪ್ಪಾ, ಈ ಕಲ್ಲುಗಳೂ ಹತ್ತು ಕಿಲೋ ಪಾಪ ಕಳ್ಕೊಂಡಿವೆ. ಇದು ಪವಾಡ ಅಲ್ಲ, ತಿರುಪು. ತಿರುಗಿಸಿದೋನು ನಾನೇ. ಕ್ಷಮಿಸಿ."

"ಹಾಗಾದ್ರೆ ನಾನು ಬಿಟ್ಟ ಬೆಣ್ಣೆ?" ಎಂದು ಹಿಂದಿನ ಸಾಲಿನ ಅಜ್ಜಿಯೊಬ್ಬರು ಕೂಗಿದರು.

ಬೋಧಕರು ತಟ್ಟನೆ ಧ್ಯಾನಕ್ಕಿಳಿದರು. ಸಭೆ ಖಾಲಿಯಾದರೂ ಕಣ್ಣು ತೆರೆಯಲಿಲ್ಲ.

ತಕ್ಕಡಿಯಣ್ಣ ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದ.

"ಹಾಗಾದ್ರೆ ನನ್ನ ಪಾಪ ಒಂದು ಚೂರೂ ಇಳಿದಿಲ್ವೇನೋ?"

ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಕಲಿತದ್ದೇ ಅವನ ಬಾಯಿಗೆ ಬಂತು. "ಅದನ್ನ ಯೇಸು ಯಾವತ್ತೋ ಹೊತ್ತಾಯ್ತಲ್ಲಕ್ಕಾ. ನಾವು ತೂಗೋಕೆ ಅಂತ ಆತ ಏನೂ ಉಳಿಸಿಲ್ಲ." ಆಡಿದ ಮಾತು ತನಗೇ ಹೊಸದಾಗಿ ಕೇಳಿಸಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಆಮೇಲೆ ಅಳುವೆಯಂತೆ, ಮೊದಲು ಬಡಿಸು."

ಬಡಿಸಿದ.

"ಪ್ರಾರ್ಥನೆ ಮಾಡೋ. ಉದ್ದ ಬೇಡ, ಆರಿಹೋಗುತ್ತೆ."

"ಕರ್ತನೇ, ನಾವು ವಾಪಸ್ ಬಂದಿದ್ದೀವಿ..." ಎಂದ.

"ಸಾಕು, ದೇವರಿಗೆ ಅರ್ಥವಾಗುತ್ತೆ. ಆಮೆನ್," ಎಂದು ಅಕ್ಕ ತಟ್ಟೆ ಎಳೆದುಕೊಂಡಳು.